ತಿರುಗಿಸಿ ಹಿಡಿದ ತಟ್ಟೆ

ನಾನು ಒಂದು ಸ್ಟೀಲ್ ತಟ್ಟೆ. ತಟ್ಟೆಯದೇನು ಕಥೆ ಅಂತ ಮುಂದಿನ ಪುಟಕ್ಕೆ ಹಾರಬೇಡಿ. ನನಗೆ ನಾಲ್ಕು ಖಾನೆಗಳಿವೆ, ಒಂದು ದೊಡ್ಡದು, ಮೂರು ಚಿಕ್ಕವು. ಒಂದು ಕಬಡ್ಡಿ ತಂಡದ ಹಣೆಬರಹ ಒಂದು ಕಾಲಕ್ಕೆ ಈ ಖಾನೆಗಳ ಮೇಲೆ ನಿಂತಿತ್ತು ಅಂದರೆ ನೀವು ನಗುತ್ತೀರಿ. ನಗಿ, ಆದರೆ ಕೇಳಿ.

ಹುಟ್ಟಿದ್ದು ಕಾರ್ಖಾನೆಯಲ್ಲಿ. ತಗಡಾಗಿ ತೆಪ್ಪಗೆ ಮಲಗಿದ್ದೆ. ಮೇಲಿಂದ ಅಚ್ಚು ಧಡಾರನೆ ಬಿತ್ತು. ಕಣ್ಣು ಬಿಟ್ಟು ನೋಡಿಕೊಂಡರೆ ಮೈಯೆಲ್ಲ ಖಾನೆ. ಅವತ್ತಿನಿಂದಲೇ ನನ್ನ ದೊಡ್ಡ ಖಾನೆಗೆ ಜಂಬ ಶುರುವಾಯಿತು. ಅನ್ನ ನನಗೆ, ಮಿಕ್ಕಿದ್ದು ನಿಮಗೆ ಅಂತ ಚಿಕ್ಕವನ್ನು ರೇಗಿಸುತ್ತಲೇ ಇರುತ್ತಿತ್ತು. ಒಂದೇ ಮೈಯಲ್ಲಿದ್ದೂ ಈ ಪರಿ ಜಗಳ, ಏನು ಮಾಡಲಿ.

ಮೈಸೂರಿನ ಪಾತ್ರೆ ಅಂಗಡಿಗೆ ಕೆ.ಆರ್. ಪೇಟೆ ಕಡೆಯ ಒಬ್ಬ ತಾಯಿ, ಮಗಳನ್ನು ಕರೆದುಕೊಂಡು ಬಂದಳು. ಮಗಳು ದಾಕ್ಷಾಯಿಣಿ. ಎಂ.ಎ. ಓದಲು ಹಾಸ್ಟೆಲಿಗೆ ಹೊರಟಿದ್ದಳು. ತಾಯಿ ನನ್ನನ್ನು ಎತ್ತಿ, ಬೆರಳ ಗೆಣ್ಣಿನಿಂದ ಬಡಿದು ಸದ್ದು ಕೇಳಿದಳು. "ಹೆಸ್ರು ಹಾಕ್ಕೊಡಪ್ಪ, ಹಾಸ್ಟೆಲ್‌ನಲ್ಲಿ ಕಳ್ದೋಗ್ತವೆ" ಅಂದಳು. ಅಂಗಡಿಯವನ ಮಷೀನು ಗುಂಯ್ ಅಂತ ನನ್ನ ಅಂಚಿನ ಮೇಲೆ 'ದಾಕ್ಷಾಯಿಣಿ' ಎಂದು ಕೊರೆಯಿತು. ಕಚಗುಳಿಯಾಯಿತು, ಖುಷಿಯೂ ಆಯಿತು. ಅಂಗಡಿಯಲ್ಲಿ ನನ್ನಂಥವು ರಾಶಿ ಇದ್ದವು, ಹೆಸರು ಬಂದದ್ದು ನನಗೊಬ್ಬಳಿಗೇ.

ದಾಕ್ಷಿ ಕಬಡ್ಡಿ ಆಟಗಾರ್ತಿ. ಎಡಮೂಲೆಯಲ್ಲಿ ನಿಂತು ಎದುರಾಳಿಯ ಹಿಮ್ಮಡಿಗೆ ಕೈ ಹಾಕಿದಳೆಂದರೆ ಬಿಡಿಸಿಕೊಂಡು ಹೋದವರು ಕಡಿಮೆ. ಅವಳ ಕೋಣೆಯ ಜೊತೆಗಾತಿ ಅಫ್ರೀನ್ ತಂಡದ ನಾಯಕಿ. ಅಂತರ ವಿಶ್ವವಿದ್ಯಾಲಯ ಪಂದ್ಯಕ್ಕೆ ಹೋಗಬೇಕು ಅನ್ನುವುದೇ ಇಬ್ಬರ ಉಸಿರು. ಆದರೆ ಹಾಸ್ಟೆಲ್ ಸೇರಿ ಒಂದು ವರ್ಷ ಕಳೆಯುವಷ್ಟರಲ್ಲಿ ದಾಕ್ಷಿ ದುಂಡಗಾದಳು. ಕಾರಣ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಕಾರಣದ ಹೆಸರು ತಾಯಮ್ಮಕ್ಕ.

ತಾಯಮ್ಮಕ್ಕ ನಮ್ಮ ಮೆಸ್ಸಿನಲ್ಲಿ ಬಡಿಸುವವಳು. ಬಡಿಸುವಾಗ ತಟ್ಟೆ ನೋಡುವುದಿಲ್ಲ, ಮುಖ ನೋಡುತ್ತಾಳೆ. "ಯಾಕವ್ವ ಸೊರಗೋಗಿದ್ದೀಯ" ಅಂತ ಬಾಯಿ ಕೇಳುತ್ತಿದ್ದರೆ ಕೈ ತನ್ನ ಪಾಡಿಗೆ ತಾನು ನಡೆಯುತ್ತದೆ. ತನ್ನ ಹತ್ತಿರದ ಸಾಲಿಗೆ ಅನ್ನ, ಆಚೆ ಸಾಲಿಗೆ ಪಲ್ಯ, ಕಾಳು, ಕೋಸಂಬರಿ. ಹುಡುಗಿಯರು ದೊಡ್ಡ ಖಾನೆಯನ್ನು ಅವಳ ಕಡೆಗೇ ಹಿಡಿಯುವುದು ವಾಡಿಕೆ. ದೊಡ್ಡ ಖಾನೆ ತುಂಬಿ ಗೋಪುರವಾಗದೆ ಅವಳ ಸೌಟು ಕೆಳಗಿಳಿಯದು. ಸಾಕು ಅಂದರೆ ಅವಳ ಮುಖ ಬಾಡುತ್ತದೆ, ಆ ಬಾಡಿದ ಮುಖ ನೋಡಲಾರದೆ ಎಲ್ಲರೂ ತಿನ್ನುತ್ತಾರೆ.

ಒಂದು ದಿನ ಕೋಚ್ ಲವೀನಾ ಮೇಡಮ್ ಎಲ್ಲರನ್ನೂ ತೂಕದ ಯಂತ್ರ ಹತ್ತಿಸಿದರು. ದಾಕ್ಷಿ ಮಿತಿಗಿಂತ ಆರು ಕೆಜಿ ಹೆಚ್ಚು. "ಮಿತಿ ದಾಟಿದವರನ್ನು ಅಂಕಣಕ್ಕೇ ಬಿಡುವುದಿಲ್ಲ ಮಾರಾಯ್ತಿ. ಪಂದ್ಯದ ದಿನ ಬೆಳಿಗ್ಗೆ ತೂಕ ನೋಡ್ತಾರೆ. ಇದು ನಿನಗೆ ಕೊನೇ ವರ್ಷ" ಅಂದರಂತೆ. ಅವತ್ತು ಊಟಕ್ಕೆ ಕೂತಾಗ ದಾಕ್ಷಿಯ ಕಣ್ಣೀರು ನನ್ನ ಪಲ್ಯದ ಖಾನೆಗೆ ಬಿತ್ತು.

ತಾಯಮ್ಮಕ್ಕನಿಂದ ಪಾರಾಗಲು ಅವಳು ಹೂಡಿದ ಉಪಾಯ ಕೇಳಿ. "ಅಕ್ಕ, ನಂದು ಆಂಜನೇಯಂಗೆ ಹರಕೆ. ದಿನಾ ರಾತ್ರಿ ಒಪ್ಪತ್ತು" ಅಂದಳು. ದೇವರ ಮಾತು ಬಂದರೆ ತಾಯಮ್ಮಕ್ಕ ಅನ್ನದ ಸೌಟು ಎತ್ತುವುದಿಲ್ಲ, ನಿಜ. ಆದರೆ ಒಪ್ಪತ್ತಿನವರಿಗೆ ಅನ್ನ ಮಾತ್ರ ವರ್ಜ್ಯ, ಫಲಾಹಾರಕ್ಕೆ ಅಡ್ಡಿಯಿಲ್ಲ ಅನ್ನುವುದು ನಮ್ಮ ಕಡೆ ಹುಟ್ಟಿದ ಮಗುವಿಗೂ ಗೊತ್ತು. "ಪಾಪ, ಹರಕೆ ಹೊತ್ತ ಮಗು" ಅಂತ ತಾಯಮ್ಮಕ್ಕ ಒಂದು ರಾತ್ರಿ ತುಪ್ಪ ಸುರಿದ ಉಪ್ಪಿಟ್ಟು, ಇನ್ನೊಂದು ರಾತ್ರಿ ಬೆಣ್ಣೆ ಹಾಕಿದ ದೋಸೆ, ಮತ್ತೊಂದು ರಾತ್ರಿ ಕಡಲೇಬೀಜ ತೇಲುವ ಒಗ್ಗರಣೆ ಅವಲಕ್ಕಿ ಮಾಡಿಕೊಟ್ಟಳು. ಬೇಡ ಅನ್ನಲು ದಾಕ್ಷಿಗೆ ಬಾಯಿಲ್ಲ. ಮತ್ತೆ ಯಂತ್ರ ಹತ್ತಿದಾಗ ತೂಕ ಇಳಿಯುವುದಿರಲಿ, ಇನ್ನೂ ಒಂದು ಕೆಜಿ ಏರಿತ್ತು. ಅಫ್ರೀನ್ ಹಾಸಿಗೆಯ ಮೇಲೆ ಬಿದ್ದು ಬಿದ್ದು ನಕ್ಕಳು. "ನಿನ್ನ ಆಂಜನೇಯನಿಗೆ ಬೆಣ್ಣೆ ಅಂದ್ರೆ ಭಾರಿ ಇಷ್ಟ ಕಣೆ" ಅಂದಳು. ಪಂದ್ಯ ಮಾತ್ರ ಹತ್ತಿರ ಬರುತ್ತಲೇ ಇತ್ತು.

ಕೋಪಕ್ಕೆ ದಾಕ್ಷಿ ಊಟವನ್ನೇ ಬಿಟ್ಟಳು. ಸೌತೆಕಾಯಿ, ಬಿಸಿನೀರು, ಅಷ್ಟೇ. ನಾನು ಕಪಾಟಿನಲ್ಲಿ ಒಣಗಿಕೊಂಡು ಕೂತೆ. ತೂಕವೇನೋ ಕೊಂಚ ಇಳಿಯಿತು, ಅದರ ಜೊತೆಗೆ ಕೈಯ ಕಸುವೂ ಇಳಿಯಿತು. ಅಭ್ಯಾಸದಲ್ಲಿ ಅವಳು ಹಿಡಿದ ಕಾಲು ಮೀನಿನ ಹಾಗೆ ಜಾರಿಹೋಯಿತು. "ಬಲ ಇಲ್ಲದ ಸಣ್ಣ ಹುಡುಗಿ ನಂಗೆ ಬೇಡ, ಊಟ ಮಾಡಿ ಬಾ" ಅಂತ ಲವೀನಾ ಮೇಡಮ್ ಅಂಕಣದಿಂದ ಆಚೆ ಕಳಿಸಿದರು.

ಅವತ್ತು ಮಧ್ಯಾಹ್ನ ಅಫ್ರೀನ್ ಅವಳನ್ನು ಎಳೆದುಕೊಂಡು ಬಂದು ಸಾಲಿನಲ್ಲಿ ನಿಲ್ಲಿಸಿದಳು. ದಾಕ್ಷಿಗೆ ತಲೆ ಸುತ್ತುತ್ತಿತ್ತು. ಆ ಗುಂಗಿನಲ್ಲಿ ನನ್ನನ್ನು ಹಿಂದುಮುಂದಾಗಿ ಹಿಡಿದುಬಿಟ್ಟಳು. ತಾಯಮ್ಮಕ್ಕ ಎಂದಿನಂತೆ ಮುಖ ನೋಡಿಕೊಂಡೇ ಬಡಿಸಿದಳು. ಅನ್ನ ಹೋಗಿ ಚಿಕ್ಕ ಖಾನೆಗೆ ಬಿತ್ತು, ಅರ್ಧ ಸೌಟಿಗೇ ಅದು ತುಂಬಿತು. ಹುರುಳಿಕಾಯಿ ಪಲ್ಯ, ಹೆಸರುಕಾಳಿನ ಉಸಲಿ, ಕೋಸಂಬರಿ ಮೂರೂ ಆಚೆ ಇದ್ದ ದೊಡ್ಡ ಖಾನೆಗೆ ಬಿದ್ದವು. ನನ್ನ ದೊಡ್ಡ ಖಾನೆಗೆ ಜೀವ ಹೋದ ಹಾಗಾಯಿತು. ಅನ್ನದ ಗದ್ದುಗೆಯ ಮೇಲೆ ಹುರುಳಿಕಾಯಿ ಬಂದು ಕೂತರೆ ಇನ್ನೇನು.

ತಾಯಮ್ಮಕ್ಕ ಆಗ ತಟ್ಟೆ ನೋಡಿದಳು. "ಉಲ್ಟಾ ಹಿಡಿದಿದ್ದೀಯಲ್ಲೇ, ತಿರುಗಿಸ್ಕೊ" ಅಂದಳು. ದಾಕ್ಷಿ ತಿರುಗಿಸುವಷ್ಟರಲ್ಲಿ ತಾಯಮ್ಮಕ್ಕನ ಕಣ್ಣಿಗೆ ಅರ್ಧ ಖಾಲಿ ಇದ್ದ ದೊಡ್ಡ ಖಾನೆ ಬಿತ್ತು. ಅದನ್ನು ಹಾಗೆ ಬಿಡುವ ಜಾಯಮಾನ ಅವಳದಲ್ಲ. "ಭಣ ಭಣ ಅಂತೈತೆ" ಅನ್ನುತ್ತಾ ಇನ್ನೊಂದು ಸೌಟು ಉಸಲಿ, ಇನ್ನೊಂದು ಸೌಟು ಪಲ್ಯ ಹಾಕಿ ಗೋಪುರ ಮಾಡಿದಳು.

ದಾಕ್ಷಿ ನನ್ನನ್ನು ನೋಡಿದಳು. ನಾನು ಅವಳನ್ನು ನೋಡಿದೆ. ಅಷ್ಟು ದಿನ ಬಾಡಿದ್ದ ಮುಖ ಅರಳಿತು. "ಅಕ್ಕ, ಇನ್ಮೇಲೆ ನಾನು ಹಿಂಗೇ ಹಿಡಿಯೋದು. ತುಂಬ್ಸೋದು ನಿನ್ನಿಷ್ಟ" ಅಂದಳು. ಅಲ್ಲೇ ಸತ್ಯವನ್ನೂ ಹೇಳಿದಳು, ಹರಕೆ ಇಲ್ಲ, ಆಂಜನೇಯ ಇಲ್ಲ, ಇರುವುದು ತೂಕ, ಪಂದ್ಯ.

ತಾಯಮ್ಮಕ್ಕ ಸೌಟು ಕೆಳಗಿಟ್ಟಳು. "ದೇವ್ರ ಹೆಸರಲ್ಲಿ ಸುಳ್ಳು ಹೇಳಿ ನನ್ನ ಕೈಲಿ ದೋಸೆ ಹುಯ್ಯಿಸ್ಕೊಂಡ್ಯಾ? ಮೊದ್ಲೇ ಹೇಳಿದ್ರೆ ನಾನೇನು ಬೇಡ ಅಂತಿದ್ನಾ?" ಅಂದಳು. ಆಮೇಲೆ ನಿಧಾನಕ್ಕೆ, "ಉಣ್ಣದೆ ಮಾತ್ರ ಇರಬ್ಯಾಡ ಮಗ. ನೋಡಕ್ಕಾಗಲ್ಲ ನಂಗೆ" ಅಂದಳು.

ಅಲ್ಲಿಂದ ನನ್ನ ಸುವರ್ಣಯುಗ. ಬೆಳಿಗ್ಗೆ ಮೊಳಕೆಕಾಳು, ಮೊಟ್ಟೆ. ಮಧ್ಯಾಹ್ನ ದೊಡ್ಡ ಖಾನೆಯಲ್ಲಿ ಸೊಪ್ಪು, ಕಾಳು, ತರಕಾರಿ, ಚಿಕ್ಕದರಲ್ಲಿ ಅನ್ನ. ರಾತ್ರಿ ನಿಂಬೆಹಣ್ಣಿನ ಗಾತ್ರದ ಮುದ್ದೆ, ಖಾನೆ ತುಂಬ ಬಸ್ಸಾರಿನ ಪಲ್ಯ. ದಾಕ್ಷಿ ಹೊಟ್ಟೆ ತುಂಬ ಉಂಡು, ಮೈ ಮುರಿದು ಆಡಿದಳು. ನೋಡನೋಡುತ್ತ ಅರ್ಧ ಸಾಲು ತಟ್ಟೆ ತಿರುಗಿಸಿ ಹಿಡಿಯತೊಡಗಿತು. ನನ್ನ ದೊಡ್ಡ ಖಾನೆಯೂ ಬಾಯಿ ಮುಚ್ಚಿಕೊಂಡು ಹೊಸ ನೆಂಟರಿಗೆ ಒಗ್ಗಿತು.

ಪಂದ್ಯದೂರಿಗೆ ಆಟಗಾರರು ತಟ್ಟೆ ಲೋಟ ತಾವೇ ತರಬೇಕು. ಹಾಗಾಗಿ ಹೆಗಲಚೀಲದಲ್ಲಿ ನಾನೂ ಹೊರಟೆ. ತೂಕ ನೋಡುವ ಕೋಣೆಯಲ್ಲಿ ದಾಕ್ಷಿಯ ಹೆಸರು ಕರೆದರು. ಚಪ್ಪಲಿ ಬಿಟ್ಟಳು, ಬಳೆ ಬಿಚ್ಚಿದಳು, ಯಂತ್ರ ಹತ್ತಿದಳು. "ಮಿತಿ ದಾಟಿದೆ" ಅಂದರು ಅಧಿಕಾರಿ. ಅಫ್ರೀನ್ ಗೋಡೆಗೆ ಒರಗಿದಳು. ಇಷ್ಟು ದಿನ ಮಾಡಿದ್ದೆಲ್ಲ ನೀರಿನಲ್ಲಿ ಹೋಮವಾಯಿತಲ್ಲ ಅಂದುಕೊಂಡೆ.

ಆಗ ಲವೀನಾ ಮೇಡಮ್ ಹಣೆ ಚಚ್ಚಿಕೊಂಡು, "ಚೀಲ ಇಳಿಸು ಮಾರಾಯ್ತಿ" ಅಂದರು.

ಹೌದು, ನಾನು ಅವಳ ಹೆಗಲ ಮೇಲೇ ಇದ್ದೆ. ಗಾಬರಿಯಲ್ಲಿ ಬಳೆ ಬಿಚ್ಚಿದವಳು ಚೀಲ ಮರೆತಿದ್ದಳು. ಅಫ್ರೀನ್ ಓಡಿಬಂದು ನನ್ನನ್ನು ಕಿತ್ತುಕೊಂಡು ಅಪ್ಪಿಕೊಂಡಳು. ದಾಕ್ಷಿ ಕಣ್ಣು ಮುಚ್ಚಿ ಮತ್ತೆ ಹತ್ತಿದಳು. "ಸರಿಯಿದೆ, ಹೋಗಮ್ಮ" ಅಂದರು ಅಧಿಕಾರಿ. ಅವರು ನಗು ತಡೆದುಕೊಂಡಿದ್ದು ಅವರ ದನಿಯಲ್ಲೇ ಗೊತ್ತಾಯಿತು.

ಕಪ್ ಬರಲಿಲ್ಲ, ಎರಡನೇ ಸ್ಥಾನ ಬಂತು. ಆದರೆ ಎಡಮೂಲೆಯಿಂದ ಅವಳು ಹಿಡಿದ ಕಾಲು ಒಂದೂ ಜಾರಲಿಲ್ಲವಂತೆ. ವಾಪಸು ಬಂದ ದಿನ ತಾಯಮ್ಮಕ್ಕ ಹೋಳಿಗೆ ಮಾಡಿದ್ದಳು. ದಾಕ್ಷಿ ನನ್ನನ್ನು ನೆಟ್ಟಗೆ ಹಿಡಿದು, "ಇವತ್ತೊಂದಿನ ದೊಡ್ಡದಕ್ಕೇ ಹಾಕಕ್ಕ" ಅಂದಳು. ಇಬ್ಬರೂ ನಕ್ಕರು.

ಓದು ಮುಗಿಸಿ ಹೊರಡುವಾಗ ಅವಳು ನನ್ನನ್ನು ಹೊಸದಾಗಿ ತಂಡ ಸೇರಿದವಳಿಗೆ ಕೊಟ್ಟಳು. ಅವಳಿಂದ ಇನ್ನೊಬ್ಬಳಿಗೆ ಹೋದೆ. ಬಿದ್ದೆ, ಅಂಚು ಸೊಟ್ಟಗಾಯಿತು, ಹೊಳಪು ಮಾಸಿತು. ಕೊನೆಗೆ ಮೆಸ್ಸಿನ ಮೂಲೆಯಲ್ಲಿ ಬೇಡವಾದ ಪಾತ್ರೆಗಳ ನಡುವೆ ಬಿದ್ದಿದ್ದವಳನ್ನು ಒಂದು ಕೈ ಎತ್ತಿಕೊಂಡಿತು. ಕೈಯ ಗುರುತು ನನಗೆ ತಕ್ಷಣ ಸಿಕ್ಕಿತು.

ಈಗ ನಾನು ತಾಯಮ್ಮಕ್ಕನ ಮನೆಯಲ್ಲಿದ್ದೇನೆ. ಅವಳಿಗೆ ಕೆಲಸದಿಂದ ನಿವೃತ್ತಿಯಾಗಿದೆ, ಸಕ್ಕರೆ ಕಾಯಿಲೆ ಬಂದಿದೆ, ಡಾಕ್ಟರು ಅನ್ನ ಕಡಿಮೆ ಮಾಡಿ ಅಂದಿದ್ದಾರೆ. ಜೀವಮಾನವಿಡೀ ಊರಿಗೆಲ್ಲ ಬಡಿಸಿದವಳು ಈಗ ತನಗೆ ತಾನೇ ಬಡಿಸಿಕೊಳ್ಳುತ್ತಾಳೆ. ನನ್ನನ್ನು ಎದುರಿಗಿಟ್ಟುಕೊಂಡು ಅನ್ನದ ಸೌಟು ಎತ್ತುತ್ತಾಳೆ, ಹಳೇ ಕೈ, ಅದು ಹತ್ತಿರದ ದೊಡ್ಡ ಖಾನೆಗೇ ಹೋಗುತ್ತದೆ. ಆಗ ಅವಳ ಹೆಬ್ಬೆಟ್ಟು ನನ್ನ ಅಂಚಿನ ಮೇಲಿನ ಹೆಸರನ್ನು ಮುಟ್ಟುತ್ತದೆ. ಸೌಟು ನಿಲ್ಲುತ್ತದೆ.

"ಉಲ್ಟಾ ಹಿಡಿದಿದ್ದೀಯಲ್ಲೇ ತಾಯಿ" ಅಂತ ತನಗೆ ತಾನೇ ಹೇಳಿಕೊಂಡು, ನನ್ನನ್ನು ತಿರುಗಿಸಿಕೊಳ್ಳುತ್ತಾಳೆ.