ಬಾವಿ ಉಪ್ಪಾಗುವ ಸುದ್ದಿ ಯಾರು ಹೇಳಬೇಕು?

ಹಂಗಾರಕಟ್ಟೆಯ ಹತ್ತಿರ ಹೊಳೆಬದಿಯ ಗದ್ದೆಗಳಲ್ಲಿ ಭತ್ತ ಕೊಯ್ದ ಮೇಲೆ ನೆಲಗಡಲೆ ಹಾಕುತ್ತಾರೆ. ಹೊಯಿಗೆ ಮಣ್ಣು, ಬರೀ ಮರಳು. ಬೆಳಿಗ್ಗೆ ಎರೆದ ನೀರು ಮಧ್ಯಾಹ್ನಕ್ಕೆ ಇಲ್ಲ. ಅಲ್ಲಿ ಗದ್ದೆ ಮಾಡುವ ಮೋಹಿನಿ ಹೊಳೆಬದಿಯ ಬಾವಿಯಿಂದ ಕೊಡದಲ್ಲಿ ಹೊತ್ತು ಹೊತ್ತು ಎರೆಯುತ್ತಿದ್ದಳು. ಆದರೂ ಹೋದ ವರ್ಷ ಅವಳ ಗಿಡವೆಲ್ಲ ಸುಟ್ಟುಹೋಯಿತು. ಈ ಸಲ ತವರಿನಿಂದ ಬೀಜ ತಂದು ಬಿತ್ತಿದ್ದಳು. ಇದೂ ಹೋದರೆ ಗದ್ದೆಯನ್ನು ಬಿತ್ತದೆ ಹಡಿಲು ಬಿಡುವುದೇ.

ಡಿಸೆಂಬರಿನಲ್ಲಿ ಜರ್ಮನಿಯಿಂದ ಆರು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಬಂದರು. ಸಂಬಳ ಇಲ್ಲದೆ, ಊರವರ ಜೊತೆ ಸೇರಿ ಹನಿ ನೀರಾವರಿ ಮಾಡಿಕೊಡುತ್ತಾರಂತೆ. ತೆಕ್ಕಟ್ಟೆಯ ಸೌಜನ್ಯ ಕೃಷಿ ಸಖಿ, ಊರೂರಿನ ರೈತರಿಗೆ ಸಲಹೆ ಕೊಡುವವಳು. ಅವರ ಇಂಗ್ಲಿಷನ್ನು ಊರಿಗೆ, ಊರ ಮಾತನ್ನು ಅವರಿಗೆ ಹೇಳುತ್ತಿದ್ದಳು. ಹೊಳೆಬದಿಯ ಅಶೋಕಣ್ಣನ ಬಾವಿಗೆ ಪಂಪು ಎಂದು ನಿಶ್ಚಯವಾಯಿತು. ಈ ನೀರು ಒಳ್ಳೆಯದೇ ಎಂದು ಆ ವಿದ್ಯಾರ್ಥಿಗಳು ಕೇಳಿದರು. ಊರಿಗೆ ಊರೇ ಹೌದೆಂದು ತಲೆಯಾಡಿಸಿತು. ಪೈಪು ಹೂಳಲು ಅಗೆತ ಶುರುವಾಯಿತು.

ಮೋಹಿನಿ ಮೂರು ದಿನ ಬೇಲಿಯಾಚೆ ನಿಂತು ನೋಡಿದಳು. ಆ ಮಕ್ಕಳಿಗೆ ನಮ್ಮ ಗದ್ದೆಯ ಗುಣ ಏನು ಗೊತ್ತು ಎಂಬ ಅನುಮಾನ. ನಾಲ್ಕನೆಯ ದಿನ ತಡೆಯಲಾಗಲಿಲ್ಲ. ಸೌಜನ್ಯಳನ್ನು ಕರೆದು, ಶಿವರಾತ್ರಿ ಕಳೆದ ಮೇಲೆ ಬರುವ ಉಪ್ಪು ನೀರಿಗೂ ಇವರ ಹತ್ತಿರ ಯಂತ್ರ ಉಂಟೋ ಎಂದು ಕೇಳಿದಳು.

"ಯಾವ ಉಪ್ಪು ನೀರ್?" ಎಂದಳು ಸೌಜನ್ಯ.

"ಅಶೋಕಣ್ಣನ ಬಾವಿದೇ. ನನ್ನ ಗಿಡ ಸುಟ್ಟದ್ದ್ ಅದೇ ನೀರಿಂದ."

"ಮತ್ತೆ ಎಂತಕ್ಕೆ ಹೇಳ್ಲಿಲ್ಲೆ ಮಾರಾಯ್ತಿ?"

"ಅವ್ರ್ ಕೇಂಡದ್ದ್ ಈಗಿನ ನೀರ್. ಈಗ ಸೀ ನೀರೇ ಇತ್ತಲೆ. ಅಷ್ಟ್ ದೂರದಿಂದ ಬಂದ ನೆಂಟ್ರ್ ಕೆಲ್ಸಕ್ಕೆ ಕೊಂಕ್ ತೆಗೂದಾ?"

ಸೌಜನ್ಯಳಿಗೆ ಸಿಟ್ಟು ನೆತ್ತಿಗೇರಿತು. ಮೋಹಿನಿಯ ಕೈ ಹಿಡಿದು ಅಗೆಯುವಲ್ಲಿಗೆ ಎಳೆದುಕೊಂಡು ಹೋದಳು.

ಆ ಆರು ಮಂದಿಯಲ್ಲಿ ಲೆನಾ ಎಂಬ ಹುಡುಗಿ ಗುದ್ದಲಿ ಇಟ್ಟು ನೆಲದಲ್ಲೇ ಕೂತು ಒಂದರ ಮೇಲೊಂದು ಪ್ರಶ್ನೆ ಕೇಳಿದಳು. ಯಾವಾಗ? ಎಷ್ಟು ದಿನ? ಹೇಗೆ ತಿಳಿಯುತ್ತದೆ? ಅಮಾವಾಸ್ಯೆ, ಹುಣ್ಣಿಮೆಯ ಭರತಕ್ಕೆ ಸಮುದ್ರದ ನೀರು ನುಗ್ಗಿ ಹೊಳೆ ಏರಿದಾಗ ಎಂದು ಮೋಹಿನಿ ಹೇಳಿದಳು. ಮೊದಲು ಸೋಪಿನ ನೊರೆ ನಿಲ್ಲುವುದಿಲ್ಲ, ಆಮೇಲೆ ನಾಲಗೆಗೆ ಗೊತ್ತಾಗುತ್ತದೆ. ಲೆನಾ ಎಲ್ಲವನ್ನೂ ಬರೆದುಕೊಂಡಳು. ಕೊನೆಗೆ, ಉಪ್ಪಾಗದ ನೀರು ಎಲ್ಲಿದೆ ಎಂದಳು. ಅದನ್ನು ಮೋಹಿನಿಯ ಹತ್ತಿರ ಇಷ್ಟು ವರ್ಷ ಯಾರೂ ಕೇಳಿರಲಿಲ್ಲ. ಅವಳು ಮೇಲುಗಡೆಯ ಮದಗ ತೋರಿಸಿದಳು. ಹೂಳು ತುಂಬಿ ಯಾರೂ ಇಳಿಯದ ಹಳೆಯ ಕೆರೆ.

ಅಲ್ಲಿಂದ ಪೈಪು ಎರಡು ಪಟ್ಟು ಉದ್ದ ಬೇಕು. ಆದರೆ ಇಳಿಜಾರು, ಪಂಪು ಬೇಡ. ಅಗೆದದ್ದನ್ನು ಮುಚ್ಚಿ ಹೊಸದಾಗಿ ಅಳೆದರು. ಊರವರು ಹನ್ನೆರಡು ದಿನ ಹೂಳೆತ್ತಿದರು. ನಾವು ಫೆಬ್ರವರಿಗೆ ಹೋಗುತ್ತೇವೆ, ವಾರಕ್ಕೊಮ್ಮೆ ಪೈಪಿನ ಫಿಲ್ಟರ್ ತೊಳೆಯುವವರು ಯಾರು ಎಂದು ಲೆನಾ ಕೇಳಿದಾಗ ಮೋಹಿನಿ ಮುಂದೆ ಬಂದಳು. ಬಿಚ್ಚುವುದು, ಜೋಡಿಸುವುದು ಎರಡನ್ನೂ ಕಲಿತಳು.

ಶಿವರಾತ್ರಿ ಕಳೆಯಿತು. ಅಶೋಕಣ್ಣನ ಬಾವಿ ಉಪ್ಪಾಯಿತು. ಮೋಹಿನಿ ಗದ್ದೆಗೆ ಇಳಿದು ಒಂದು ಗಿಡ ಕಿತ್ತಳು. ಎಲೆ ಹಸಿರು, ಬುಡದಲ್ಲಿ ಗೊಂಚಲು ಗೊಂಚಲು ಕಾಯಿ.

ಓದುವವರೇ, ನಿಮ್ಮೂರಿಗೂ ನೀರಿನ ಕೆಲಸಕ್ಕೆ ಯಾರಾದರೂ ಬಂದಾರು, ಹೊರದೇಶದವರೋ ನಮ್ಮವರೋ. ಎಲ್ಲದಕ್ಕೂ ಹೌದು ಎನ್ನಬೇಡಿ. ಅದು ಮರ್ಯಾದೆಯಲ್ಲ, ಮೋಸ. ಏಪ್ರಿಲಿನಲ್ಲಿ ನಿಮ್ಮ ಬಾವಿ ಏನಾಗುತ್ತದೆ, ಮಳೆಗಾಲದಲ್ಲಿ ನೆರೆ ಎಲ್ಲಿ ನುಗ್ಗುತ್ತದೆ, ಅವರು ಕೇಳದಿದ್ದರೂ ಹೇಳಿ. ಪೈಪು ಮಣ್ಣಿನಡಿ ಹೋಗುವ ಮೊದಲೇ ಹೇಳಿ.