ಡಿಕ್ಕಿಯ ಮೇಲಿನ ಎರಡಕ್ಷರ

ಮಂಡಿಯ ಆಪರೇಷನ್ ಆದಮೇಲೆ ನನ್ನ ಎಡಗಾಲಿಗೆ ಕ್ಲಚ್ ತುಳಿಯುವ ಶಕ್ತಿ ಬರಲೇ ಇಲ್ಲ. ಸಿಂಗಸಂದ್ರದ ಮನೆಯಿಂದ ನಾನು ಪಾಠ ಮಾಡುವ ವೈಟ್‌ಫೀಲ್ಡಿನ ಕಾಲೇಜಿಗೆ ನಮ್ಮವರು ಬಿಟ್ಟಾಗ ಇಳಿಯಬೇಕು, ಕರೆಯಲು ಬಂದಾಗ ಹತ್ತಬೇಕು. ಪಾರ್ಸಲ್ ಆಗಿಬಿಟ್ಟಿದ್ದೆ. ಕ್ಲಚ್ಚೇ ಇಲ್ಲದ ಆಟೊಮ್ಯಾಟಿಕ್ ಕಾರು ಸಿಕ್ಕರೆ ಮತ್ತೆ ನಾನೇ ಓಡಿಸಬಹುದು ಎಂಬುದೊಂದೇ ಆಸೆ.

"ಸೆಕೆಂಡ್‌ಹ್ಯಾಂಡ್ ಹುಡುಕೋಣು. ಆಟೊಮ್ಯಾಟಿಕ್ ಇದ್ರ ಹಿಂದ ಬರದಿರ್ತೈತಿ, ನೋಡಕೋತ ಹೋಗು," ಎಂದರು ನಮ್ಮವರು, ಗದಿಗೆಪ್ಪನವರು.

ಶುರುವಾಯಿತು ನನ್ನ ಅಕ್ಷರಾಭ್ಯಾಸ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಕಾರುಗಳ ಹಿಂದೆ ನಿಂತು ಓದಿದ್ದೇ ಓದಿದ್ದು. ಒಂದರ ಮೇಲೆ ಎಎಂಟಿ, ಇನ್ನೊಂದರ ಮೇಲೆ ಸಿವಿಟಿ, ಮತ್ತೊಂದರ ಮೇಲೆ ಡಿಸಿಟಿ. ಮೂರೂ ಆಟೊಮ್ಯಾಟಿಕ್ಕೇ ಅಂತೆ. ಸರಿ, ಟಿ ಇದ್ದದ್ದೆಲ್ಲ ಆಟೊಮ್ಯಾಟಿಕ್ ಅಂದುಕೊಂಡರೆ, ಮುಂದಿನದರಲ್ಲಿ ಟಿ ಎಂದರೆ ಟರ್ಬೊ! ಎಸ್‌ಎಕ್ಸ್ ಪಕ್ಕ ಬ್ರಾಕೆಟ್ಟಿನೊಳಗೆ ಕೂತ ಓ ಯಾರಿಗೆ ಏನು ಹೇಳುತ್ತದೋ ಶಿವನೇ ಬಲ್ಲ. ಇಷ್ಟು ದೊಡ್ಡ ಕಾರು ಮಾಡಿದವರಿಗೆ ಒಂದು ಪೂರ್ತಿ ಶಬ್ದ ಬರೆಯಲು ಜಾಗ ಸಿಗಲಿಲ್ಲವೇ? ತಲೆ ಚಿಟ್ಟು ಹಿಡಿಯಿತು.

ಭಾನುವಾರ ನಮ್ಮವರು ಹೂಡಿಗೆ ಕರೆದೊಯ್ದರು. ಅಲ್ಲಿನ ಹಳಬರ ಮನೆಯ ಮುನೀಂದ್ರ ತನ್ನ ಕಾರು ಮಾರುವವನಿದ್ದ.

"ನೋಡು, ಎಟಿ! ಆಟೊಮ್ಯಾಟಿಕ್," ಎಂದು ನಮ್ಮವರು ಡಿಕ್ಕಿಯ ಮೇಲಿನ ಹೊಳೆಯುವ ಅಕ್ಷರ ತೋರಿಸಿದರು. ನನಗೆ ಅಳುವಷ್ಟು ಖುಷಿಯಾಯಿತು. ಅವರು ಎಡಗಡೆಯ ಬಾಗಿಲು ತೆಗೆದು "ಕೂಡು" ಎಂದರು. ನಾನು ಬಲಗಡೆಗೆ ಹೋಗಿ ಬಾಗಿಲು ತೆಗೆದೆ.

ಕೆಳಗೆ ಮೂರು ಪೆಡಲ್.

ಮತ್ತೆ ಹಿಂದೆ ಹೋಗಿ ಓದಿದೆ. ಎಟಿಯೇ. ಮುಂದೆ ಬಂದು ನೋಡಿದೆ. ಕ್ಲಚ್ಚೇ. "ಆಟೊಮ್ಯಾಟಿಕ್ಕಿಗೂ ಕ್ಲಚ್ ಇರತ್ತಾ?" ಎಂದು ಮುನೀಂದ್ರನನ್ನು ಕೇಳಿದೆ.

"ಇದು ಗೇರ್ ಗಾಡಿ ಅಕ್ಕ. ಆ ಅಕ್ಸರ ನಮ್ದಲ್ಲ, ಮೊನ್ನೆ ಈ ಸಾರೇ ಬಂದು ಅಂಟಿಸ್ಬುಟ್ಟು ಹೋದ್ರು. ತಗೊಳ್ಳೋರೇ ಸ್ಟೈಲ್‌ಗೆ ಅಂಟುಸ್ತಾವ್ರೆ, ನಂಗೇನು ಅಂತ ಸುಮ್ಕಾದೆ."

ನಮ್ಮವರು ಇಂಗು ತಿಂದ ಮಂಗನಂತೆ ನಿಂತಿದ್ದರು. "ಗಾಡಿ ಮನಿಗೆ ಬಂದ ಮ್ಯಾಲೆ ಹೆಂಗೂ ನಾನೇ ಓಡಿಸ್ತಿದ್ದೆ. ನೀ ಮತ್ತ ಆ ರೋಡಿನಾಗ ಒಬ್ಬಾಕಿನ ಹೋಗೂದು ನೆನಸಿದ್ರ ಎದಿ ಹೊಡಕೋತೈತಿ, ಮಹಾದೇವಿ."

"ಹಂಗಂತ ಬಾಯಿಬಿಟ್ಟು ಹೇಳಬಾರದಿತ್ತೇನ್ರೀ?"

"ಹೇಳಿದ್ರ ನೀ ಕೇಳ್ತಿದ್ದೇನು?"

ಕೇಳುತ್ತಿರಲಿಲ್ಲ, ಅದು ನಿಜ. ಸಿಟ್ಟು ನೆತ್ತಿಗೇರಿತ್ತು, ಪಾಪ ಅಂತಲೂ ಅನಿಸುತ್ತಿತ್ತು. ನನಗಾಗಿ ಇಷ್ಟು ಹೆದರುವವರಿಗೆ ನನಗೇ ಮೋಸ ಮಾಡಲು ಮನಸ್ಸಾದರೂ ಹೇಗೆ ಬಂತೋ, ಎಷ್ಟು ಯೋಚಿಸಿದರೂ ಬಗೆಹರಿಯಲಿಲ್ಲ. ಕೊನೆಗೆ ಮುನೀಂದ್ರನ ಕಡೆ ತಿರುಗಿದೆ.

"ಎರಡೇ ಪೆಡಲ್ ಇರೋ ಗಾಡಿ ಯಾರಾದ್ರೂ ಮಾರೋದಿದ್ರೆ ಫೋನ್ ಮಾಡಪ್ಪಾ. ನನ್ನ ನಂಬರ್ ತಗೋ. ಇವರದ್ದಲ್ಲ, ನನ್ನದು."