ಹುಣಸೆಹುಳಿಯಲ್ಲಿ ತೊಳೆದ ಆಕ್ಸಲ್

ಕ್ರೋಧವೆಂಬುದು ಆತ್ಮಕ್ಕೆ ಹತ್ತುವ ಕಷಾಯವೆಂಬ ಕೊಳೆ, ಅದನ್ನು ಹತ್ತಿರ ಬಿಡಬಾರದು ಎಂದು ಮೂಡುಬಿದಿರೆಯ ಬಸದಿಯಲ್ಲಿ ಕೇಳುತ್ತಲೇ ಬೆಳೆದವನು ವಿಜಯರಾಜ. ಆದರೂ ಆ ಬೆಳಿಗ್ಗೆ ಮನೆಯ ಅಂಗಳದಲ್ಲಿ ನಿಂತಾಗ ಸಿಟ್ಟು ಅವನ ಹತ್ತಿರವೇ ಬಂದಿತ್ತು. ಬಾಳೆಲೆಯ ಮೇಲೆ ಮಲಗಿಸಿದ್ದ ಬಸ್ಸಿನ ಮುರಿದ ಆಕ್ಸಲ್, ಹಿಂದಿನ ಚಕ್ರದ ಅಚ್ಚು, ದೇವರ ದೀಪದ ಹಾಗೆ ಹೊಳೆಯುತ್ತಿತ್ತು.

"ಇದನ್ನು ತೊಳೆದದ್ದು ಯಾರು?"

"ನಾನೇ ಮಗ," ಎಂದರು ತಾಯಿ ಪ್ರಭಾವತಿ. "ಹುಣಸೆಹುಳಿ, ಇಟ್ಟಿಗೆ ಪುಡಿ ಹಾಕಿ ತಿಕ್ಕಿದೆ. ಆಯುಧಪೂಜೆಯಲ್ಲಿ ಕುಂಕುಮ ಕಂಡ ಕಬ್ಬಿಣ ಅಲ್ವಾ? ತೊಳೆದು ಹೊಳೆಗೆ ಬಿಡಬೇಕು ಅಂತ ಅಣ್ಣ ಹೇಳಿದರು."

ಅದು ೧೯೬೪. ವಿಜಯರಾಜ ಬೆಂಗಳೂರಿನಲ್ಲಿ ಎಂ.ಇ. ಓದುತ್ತಿದ್ದ. ಲೋಹ ಹೇಗೆ ಬಾಗುತ್ತದೆ, ಹೇಗೆ ಬಳಲುತ್ತದೆ, ಹೇಗೆ ಮುರಿಯುತ್ತದೆ ಎಂಬುದೇ ಅವನ ವಿಷಯ. ಸೋದರಮಾವ ಜಯವರ್ಮರ ಬಸ್ಸು ಚಾರ್ಮಾಡಿಯ ತಿರುವಿನಲ್ಲಿ ಹಿಂದಿನ ಚಕ್ರ ಕಳಚಿ ಮಗುಚಿದ ಸುದ್ದಿ ಕೇಳಿ ಊರಿಗೆ ಬಂದಿದ್ದ. ವೀಳ್ಯದೆಲೆ ಮಾರುವ ಪೂವಮ್ಮ ಅಲ್ಲೇ ತೀರಿಕೊಂಡಿದ್ದಳು. ಡ್ರೈವರ್ ಮೊಯಿದಿನಬ್ಬ ಅಜಾಗರೂಕತೆಯಿಂದ ಓಡಿಸಿದನೆಂದು ಮಾವನೇ ದೂರು ಕೊಟ್ಟಿದ್ದರು. ಡ್ರೈವರ್ ಈಗ ಬೆಳ್ತಂಗಡಿಯ ಲಾಕಪ್ಪಿನಲ್ಲಿದ್ದ.

ಮುರಿದ ಮುಖವನ್ನು ಬೆರಳಿನಿಂದಲೂ ಮುಟ್ಟಬೇಡಿ, ಅದು ಸಾಕ್ಷಿ ಹೇಳುತ್ತದೆ ಎನ್ನುತ್ತಿದ್ದರು ಅವನ ಪ್ರಾಧ್ಯಾಪಕರು. ಹಳೆಯ ಬಿರುಕಿನೊಳಗೆ ಹಳೆಯ ತುಕ್ಕು ಇರುತ್ತದೆ. ಆ ತುಕ್ಕನ್ನು ತಾಯಿಯ ಭಕ್ತಿ ಉಜ್ಜಿ ತೆಗೆದಿತ್ತು.

ಜಯವರ್ಮರು ಚಾವಡಿಯಿಂದ ಇಳಿದು ಬಂದರು. "ಮಧ್ಯಾಹ್ನ ಇನ್‌ಸ್ಪೆಕ್ಟರ್ ಬರ್ತಾರೆ. ಆಕ್ಸಲ್ ಹೊಳೆಗೆ ಬಿಟ್ಟಾಯ್ತು ಅಂತ ನಾನು ಹೇಳ್ತೇನೆ. ಅದು ಗಟ್ಟಿಯೇ ಇತ್ತು, ಆ ಬ್ಯಾರಿ ಡ್ರೈವರ್ ಅಡ್ಡಾದಿಡ್ಡಿ ಓಡಿಸಿ ಮುರಿದ ಅಂತ ನೀನು ಹೇಳು. ಎಂ.ಇ. ಓದುವವನ ಮಾತಿಗೆ ತೂಕ ಉಂಟು."

ವಿಜಯರಾಜ ಆಕ್ಸಲನ್ನು ಎತ್ತಿ ಬಿಸಿಲಿಗೆ ಹಿಡಿದ. ತುಕ್ಕು ಹೋಗಿತ್ತು, ರೂಪ ಹೋಗಿರಲಿಲ್ಲ. ಮುಖದ ಮುಕ್ಕಾಲು ಭಾಗ ನುಣುಪು. ಅದರ ಮೇಲೆ ನೇತ್ರಾವತಿ ಹೊಳೆಯ ಚಿಪ್ಪಿನ ಬೆನ್ನಿನಂತೆ ಒಂದರ ಹಿಂದೊಂದು ಬಾಗಿದ ಗೆರೆಗಳು. ಒಂದು ಮೂಲೆ ಮಾತ್ರ ಒಡೆದ ಕಲ್ಲುಸಕ್ಕರೆಯಂತೆ ತರಿತರಿ. ಚಾರ್ಮಾಡಿಯಲ್ಲಿ ಮುರಿದದ್ದು ಆ ಮೂಲೆಯಷ್ಟೆ. ಉಳಿದದ್ದು ಎಷ್ಟೋ ಕಾಲದಿಂದ ಇಷ್ಟಿಷ್ಟೇ ಸೀಳುತ್ತ ಬಂದಿತ್ತು.

"ಮಾವ, ಇದು ಮೊದಲೇ ಬಿರುಕು ಬಿಟ್ಟಿತ್ತು. ಶಬ್ದ ಬರ್ತದೆ ಅಂತ ಮೊಯಿದಿನಬ್ಬ ಹೇಳಲಿಲ್ವಾ?"

"ಹೇಳಿದ್ದ. ಆಯುಧಪೂಜೆ ಆದ ಮೇಲೆ ಹೇಳಿದರೆ? ಪೂಜೆ ಆದ ಬಸ್ಸನ್ನು ದೀಪಾವಳಿವರೆಗೆ ಬಿಚ್ಚುವ ಕ್ರಮ ನಮ್ಮಲ್ಲಿ ಇಲ್ಲ."

"ಕ್ರಮ! ಪೂವಮ್ಮನ ಮಕ್ಕಳ ಎದುರು ಹೋಗಿ ಹೇಳಿ ನಿಮ್ಮ ಕ್ರಮ!"

"ಸ್ವರ ತಗ್ಗಿಸು ಮಾರಾಯ. ನಿನ್ನನ್ನು ಓದಿಸಿದ್ದು ಇದೇ ಬಸ್ಸು."

"ಓದಿದ್ದನ್ನೇ ಹೇಳ್ತೇನೆ. ಬೆಳ್ತಂಗಡಿಗೆ ಹೋಗಿ ಹೇಳ್ತೇನೆ."

"ಹೇಳು. ಮತ್ತೆ ಈ ಮನೆಯ ಮೆಟ್ಟಿಲು ಹತ್ತಬೇಡ."

ಪ್ರಭಾವತಿ ತಮ್ಮ ಅಂಗೈಗಳನ್ನೇ ನೋಡುತ್ತಿದ್ದರು. ಅಣ್ಣನಿಗೆ ಎದುರಾಡಿ ಗೊತ್ತಿಲ್ಲದ ಹೆಂಗಸು ತಲೆ ಎತ್ತಿದರು.

"ತೊಳೆ ಅಂತ ಹೇಳಿದ್ದು ದೇವರಿಗೋಸ್ಕರವಾ, ಪೊಲೀಸರಿಗೋಸ್ಕರವಾ?"

ಜಯವರ್ಮರು ಚಾವಡಿಯ ಕಡೆ ತಿರುಗಿದರು.

"ಇದು ಅಳಿಯಸಂತಾನದ ಮನೆ ಅಣ್ಣ. ಯಜಮಾನಿಕೆ ನಿನ್ನದು, ಮನೆ ಹೆಣ್ಣಿನ ಸಂತತಿಯದ್ದು. ನನ್ನ ಮಗನನ್ನು ಹೊರಗೆ ಹಾಕ್ಲಿಕ್ಕೆ ನೀನು ಯಾರು? ದೇವರ ಹೆಸರು ಹೇಳಿ ನನ್ನ ಕೈಯಿಂದ ಪಾಪ ಮಾಡಿಸಿದೆಯಲ್ಲ!" ಅವರು ಮಗನ ಕಡೆ ತಿರುಗಿದರು. "ನಡಿ ಮಗ. ನಾನೂ ಬರ್ತೇನೆ. ಇಲ್ಲದಿದ್ದರೆ ನೀನೇ ತೊಳೆದೆ ಅಂತ ಇವನು ಹೇಳಿಯಾನು."

ಗೋಣಿಯಲ್ಲಿ ಸುತ್ತಿದ ಆಕ್ಸಲನ್ನು ಮಗ ಹೆಗಲಿಗೇರಿಸಿದ. ಠಾಣೆಯ ಸರಳುಗಳ ಹಿಂದೆ ಮೊಯಿದಿನಬ್ಬ ಗಡಬಡಿಸಿ ಎದ್ದು ನಿಂತ. "ಅಮ್ಮಾ, ನೀವು ಯಾಕೆ ಇಲ್ಲಿಗೆಲ್ಲ ಬಂದದ್ದು?"

ಸಬ್ ಇನ್‌ಸ್ಪೆಕ್ಟರ್ ಕುರ್ಚಿ ತೋರಿಸಿದರು. "ಕೂತ್ಕೊಳ್ಳಿ ಅಮ್ಮ."

"ನಾನು ಕೂತ್ಕೊಳ್ಳಲಿಕ್ಕೆ ಬಂದವಳಲ್ಲ," ಎಂದರು ಪ್ರಭಾವತಿ. "ಬರ್ಕೊಳ್ಳಿ."